ಇನ್ಸುಲಿನ್ ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ವಾ?

ಪ್ರಶ್ನೆ: ಅಪ್ಪನಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ಎರಡು ಥರದ ಮಾತ್ರೆ ನುಂಗಿದರೂ ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆ (HbA1c) 10ರ ಮೇಲೇ ಇದೆ. ಡಾಕ್ಟರು ಇನ್ಸುಲಿನ್ ಬರೆದಿದ್ದಾರೆ. ಅದು ಅಭ್ಯಾಸವಾಗಿಬಿಡುತ್ತೆ, ಆಮೇಲೆ ಬಿಡೋಕಾಗಲ್ಲ ಅಂತಾರೆ. ಹೌದಾ?

ಉತ್ತರ: ಇಲ್ಲ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಆದರೂ ಬರೆಯಬೇಕು. ಈ ಒಂದು ಮಾತಿಗೆ ಹೆದರಿಯೇ ಎಷ್ಟೋ ಮನೆಯಲ್ಲಿ ಡಾಕ್ಟರ ಚೀಟಿ ದೇವರ ಫೋಟೊ ಹಿಂದೆ ಸೇರಿಕೊಂಡಿರುತ್ತದೆ.

ಹೆಂಡ, ಹೊಗೆಸೊಪ್ಪಿನ ಚಟ ಹೊರಗಿನಿಂದ ಬಂದದ್ದು. ಇನ್ಸುಲಿನ್ ಹಾಗಲ್ಲ, ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ ಹುಟ್ಟಿದಾಗಿನಿಂದ ತಾನೇ ಮಾಡಿಕೊಂಡು ಬಂದಿರುವ ಹಾರ್ಮೋನು ಅದು. ಸಾಮಾನ್ಯ ಶುಗರ್ ಕಾಯಿಲೆಯಲ್ಲಿ ವರ್ಷ ಕಳೆದ ಹಾಗೆ ಗ್ರಂಥಿ ಸೋಲುತ್ತ ಬರುತ್ತದೆ. ಎಷ್ಟೋ ಮಾತ್ರೆಗಳ ಕೆಲಸವೆಂದರೆ ಉಳಿದಿರುವ ಇನ್ಸುಲಿನ್ನನ್ನು ಹಿಂಡುವುದು, ಇಲ್ಲವೇ ಅದು ಚೆನ್ನಾಗಿ ಕೆಲಸ ಮಾಡುವ ಹಾಗೆ ನೋಡಿಕೊಳ್ಳುವುದು. ಬಾವಿಯಲ್ಲೇ ನೀರಿಲ್ಲದಾಗ ಎಂಥ ಮೋಟಾರ್ ಇಟ್ಟರೇನು?

ಹಾಗಾದರೆ ಬಿಡಬಹುದೇ? ಎಷ್ಟೋ ಜನ ಬಿಟ್ಟಿದ್ದಾರೆ. ಬಸುರಿಯಲ್ಲಿ ಬಂದ ಶುಗರ್‌ಗೆ ಕೊಟ್ಟ ಇನ್ಸುಲಿನ್ ಸಾಮಾನ್ಯವಾಗಿ ಹೆರಿಗೆಯಾದೊಡನೆ ನಿಲ್ಲುತ್ತದೆ. ಆಪರೇಷನ್ನಿಗೆ, ದೊಡ್ಡ ಸೋಂಕಿಗೆ ಕೊಟ್ಟದ್ದು ಅದು ಮುಗಿದ ಮೇಲೆ ನಿಲ್ಲಬಹುದು. ಹೊಸದಾಗಿ ಕಾಯಿಲೆ ಗೊತ್ತಾದಾಗಲೇ ಶುಗರ್ ವಿಪರೀತ ಇದ್ದವರಿಗೆ ಕೆಲವು ವಾರ ಕೊಟ್ಟು ಮತ್ತೆ ಮಾತ್ರೆಗೆ ಬರುವುದೂ ಉಂಟು. ನಿಮ್ಮ ತಂದೆಯವರಂತೆ ಹಳೆಯ ಕಾಯಿಲೆಯಾದರೆ ಬಹುಶಃ ಮುಂದುವರಿಸಬೇಕಾಗುತ್ತದೆ. ಅದು ಗ್ರಂಥಿ ಸೋತಿದ್ದರಿಂದ. ಕನ್ನಡಕ ಹಾಕಿಕೊಂಡಿದ್ದರಿಂದಲೇ ಚಾಳೀಸು ಬಂತು ಅಂತ ಯಾರಾದರೂ ಹೇಳುತ್ತಾರೆಯೇ? ಚಿಕ್ಕ ವಯಸ್ಸಿನಲ್ಲೇ ಬರುವ ಟೈಪ್ 1 ಕಾಯಿಲೆಯ ಮಾತೇ ಬೇರೆ. ಅಲ್ಲಿ ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು: ‘ನಮ್ಮ ದೊಡ್ಡಪ್ಪ ಇನ್ಸುಲಿನ್ ಶುರು ಮಾಡಿದ ಆರೇ ತಿಂಗಳಿಗೆ ಕಾಲ್ಬೆರಳು ತೆಗೆದರು.’ ದೊಡ್ಡಪ್ಪ ಅದಕ್ಕೆ ಮುಂಚೆ ಎಷ್ಟು ವರ್ಷ 300ರಲ್ಲಿ ಓಡಾಡಿಕೊಂಡಿದ್ದರು ಅಂತ ಕೇಳಿ ನೋಡಿ. ನರ, ರಕ್ತನಾಳ ಹಾಳಾಗಿದ್ದು ಆಗ. ಕೊಡೆ ಬಿಚ್ಚಿದ್ದಕ್ಕೇ ಮಳೆ ಬಂತು ಅಂದ ಹಾಗಾಯಿತು ಇದು.

ಅಭ್ಯಾಸದ ಬಗ್ಗೆ ಇಷ್ಟು ಕೇಳುವವರು ಸಿರಿಂಜಿನ ಮುಚ್ಚಳದ ಬಣ್ಣ ಯಾವುದಿರಬೇಕು ಅಂತ ಮಾತ್ರ ಕೇಳುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ಅಲ್ಲಿ. ನಮ್ಮಲ್ಲಿ ಸಿಗುವ ಇನ್ಸುಲಿನ್ ಸೀಸೆಗಳಲ್ಲಿ ಎರಡು ಬಗೆ: ಒಂದು ಎಂ.ಎಲ್.ಗೆ 40 ಯೂನಿಟ್, ಇನ್ನೊಂದು 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್! ಉಲ್ಟಾ ಆದರೆ, 40ರ ಸೀಸೆಗೆ ಕಿತ್ತಳೆ ಸಿರಿಂಜು ಹಾಕಿದರೆ, ಬರೀ 8 ಯೂನಿಟ್. ಮೆಡಿಕಲ್ ಸ್ಟೋರಿನಲ್ಲಿ ಸೀಸೆ, ಸಿರಿಂಜು ಎರಡನ್ನೂ ಕೈಯಲ್ಲಿ ಹಿಡಿದು ಸಂಖ್ಯೆ ಓದಿಯೇ ದುಡ್ಡು ಕೊಡಿ. ಬಣ್ಣವೊಂದನ್ನೇ ನಂಬಬೇಡಿ.

ಹಾಲಿನಂತೆ ಮಸುಕಾಗಿರುವ ಇನ್ಸುಲಿನ್ನನ್ನು ಎರಡು ಅಂಗೈ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ನಿಧಾನವಾಗಿ ಬೋರಲು ಮಾಡಿ. ಕುಲುಕಿದರೆ ನೊರೆ ಬಂದು ಅಳತೆ ತಪ್ಪುತ್ತದೆ. ತಿಳಿಯಾಗಿರಬೇಕಾದದ್ದು ಮಸುಕಾಗಿದ್ದರೆ, ಅಥವಾ ಯಾವುದೇ ಆಗಲಿ ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದರೆ, ಎಸೆಯಿರಿ. ಚುಚ್ಚುವ ಜಾಗವನ್ನು ದಿನಾ ಒಂದು ಬೆರಳಗಲ ಸರಿಸುತ್ತಿರಿ. ನೋಯುವುದಿಲ್ಲ ಅಂತ ಒಂದೇ ಕಡೆ ಚುಚ್ಚುತ್ತ ಹೋದರೆ ಅಲ್ಲಿ ಗಂಟು ಕಟ್ಟುತ್ತದೆ. ಗಂಟಿಗೆ ಚುಚ್ಚಿದ ಇನ್ಸುಲಿನ್ ಒಂದು ದಿನ ಹತ್ತುತ್ತದೆ, ಒಂದು ದಿನ ಹತ್ತುವುದಿಲ್ಲ. ‘ಡೋಸ್ ಹೆಚ್ಚಿಸಿದರೂ ಶುಗರ್ ಇಳೀತಿಲ್ಲ’ ಅನ್ನುವವರು ಮೊದಲು ಹೊಟ್ಟೆ ಸವರಿ ನೋಡಿಕೊಳ್ಳಲಿ.

ಚುಚ್ಚಿಕೊಂಡ ಮೇಲೆ ಊಟ ತಡವಾಯಿತು, ಕೈ ನಡುಕ, ತಣ್ಣನೆ ಬೆವರು, ಮಾತು ತೊದಲು: ಶುಗರ್ 70ಕ್ಕಿಂತ ಕೆಳಗಿಳಿದಿರಬಹುದು. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಚಾಕೊಲೇಟು ಬೇಡ, ಅದರ ಕೊಬ್ಬಿನಿಂದ ಸಕ್ಕರೆ ಏರುವುದು ತಡವಾಗುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.