ಗುಂಗುರು ಕೂದಲನ್ನು ದಿನಾ ಬಾಚಬೇಕಾ?

ಪ್ರಶ್ನೆ: ನನ್ನದು ಹುಟ್ಟಿನಿಂದಲೇ ಗುಂಗುರು ಕೂದಲು. ತಲೆಸ್ನಾನ ಮಾಡಿ ಬಂದಾಗ ಸುರುಳಿ ಸುರುಳಿಯಾಗಿ ಚೆಂದ ಇರುತ್ತದೆ. ಒಣಗಿದ ಮೇಲೆ ಒಂದು ಸಲ ಬಾಚಿದರೆ ಸಾಕು, ಪೊದೆ! ಬಾಚದೆ ಬಿಟ್ಟರೆ ಅಮ್ಮ "ತಲೆ ಕೆದರ್ಕೊಂಡು ಓಡಾಡ್ಬೇಡ" ಅಂತ ಬೈತಾರೆ. ದಿನಾ ಬಾಚಬೇಕಾ, ಬೇಡವಾ? ಬಾಚದಿದ್ದರೆ ಕೂದಲು ಬೆಳೆಯಲ್ಲ ಅನ್ನೋದು ನಿಜಾನಾ?

ಉತ್ತರ: ಬೇಡ. ಒಣಗಿದ ಗುಂಗುರು ಕೂದಲಿಗೆ ದಿನಾ ಬಾಚಣಿಗೆ ಹಾಕುವ ಅಗತ್ಯವೇ ಇಲ್ಲ. ತಲೆಗೆ ನೀರು ಹಾಕಿಕೊಂಡ ದಿನ, ಕೂದಲು ಪೂರ್ತಿ ಒದ್ದೆ ಇದ್ದಾಗ, ಕಂಡೀಷನರ್ ಹಚ್ಚಿಕೊಂಡು ಸಿಕ್ಕು ಬಿಡಿಸಿದರೆ ಮುಗಿಯಿತು. ಮತ್ತೆ ಮುಂದಿನ ತಲೆಸ್ನಾನಕ್ಕೆ ಬಾಚಣಿಗೆ ಮುಟ್ಟಿದರೆ ಸಾಕು. ಬಾಚುವುದಕ್ಕೂ ಬೆಳೆಯುವುದಕ್ಕೂ ಸಂಬಂಧ ಇಲ್ಲ. ಕೂದಲು ಬೆಳೆಯುವುದು ಚರ್ಮದೊಳಗಿನ ಬುಡದಲ್ಲಿ, ತಿಂಗಳಿಗೆ ಸುಮಾರು 1 ಸೆಂ.ಮೀ. ಹೊರಗೆ ಕಾಣುವ ಎಳೆಗೆ ಜೀವವೇ ಇಲ್ಲ, ಅದನ್ನು ಎಷ್ಟು ಬಾಚಿದರೂ ಬುಡಕ್ಕೆ ಗೊತ್ತಾಗುವುದಿಲ್ಲ.

ಹಾಗಂತ ಅಮ್ಮ ಹೇಳುವುದು ಬರೀ ಹಟ ಅಂತ ತಿಳಿಯಬೇಡಿ. ಕೂದಲು ನೇರ ಇರುವವರಿಗೆ ಅದು ಒಳ್ಳೆಯ ಸಲಹೆಯೇ. ನೆತ್ತಿಯ ಚರ್ಮದಲ್ಲಿ ಒಂದು ಬಗೆಯ ಜಿಡ್ಡು ಹುಟ್ಟುತ್ತಾ ಇರುತ್ತದೆ, ನೇರ ಕೂದಲಲ್ಲಿ ಬಾಚಣಿಗೆ ಅದನ್ನು ಬುಡದಿಂದ ತುದಿಯವರೆಗೆ ಸಲೀಸಾಗಿ ಎಳೆದುಕೊಂಡು ಹೋಗುತ್ತದೆ. ಗುಂಗುರು ಕೂದಲಲ್ಲಿ ದಾರಿ ಉದ್ದಕ್ಕೂ ತಿರುವುಗಳು. ಜಿಡ್ಡು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಅದಕ್ಕೇ ನಮ್ಮಂಥವರಿಗೆ ನೆತ್ತಿ ಜಿಡ್ಡು ಜಿಡ್ಡು, ತುದಿ ಮಾತ್ರ ತೆಂಗಿನ ನಾರು. ತುದಿಯ ವಯಸ್ಸನ್ನೂ ಲೆಕ್ಕ ಹಾಕಿ ನೋಡಿ. 30 ಸೆಂ.ಮೀ. ಉದ್ದದ ಕೂದಲಿನ ತುದಿ ಹೆಚ್ಚುಕಡಿಮೆ ಎರಡೂವರೆ ವರ್ಷ ಹಳೆಯದು, ಅಷ್ಟು ದಿನದ ಬಿಸಿಲು, ಶಾಂಪೂ, ಟವೆಲ್ಲಿನ ಉಜ್ಜಾಟ ಎಲ್ಲವನ್ನೂ ತಿಂದಿರುತ್ತದೆ.

ಪೊದೆ ಯಾಕೆ ಆಗುತ್ತದೆ? ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಅದರೊಳಗೆ ಗಟ್ಟಿ ಬಂಧಗಳೂ ಇವೆ, ನೀರು ತಾಗಿದರೆ ಬಿಟ್ಟುಕೊಂಡು ಒಣಗುವಾಗ ಮತ್ತೆ ಕೂಡಿಕೊಳ್ಳುವ ಸಡಿಲ ಬಂಧಗಳೂ ಇವೆ. ಒಣಗುವ ಹೊತ್ತಿನಲ್ಲಿ ಎಳೆ ಯಾವ ಆಕಾರದಲ್ಲಿತ್ತೋ ಮುಂದಿನ ಒದ್ದೆಯವರೆಗೆ ಹೆಚ್ಚುಕಡಿಮೆ ಅದೇ ಆಕಾರ. ಗುಂಗುರು ಕೂದಲಲ್ಲಿ ಅಕ್ಕಪಕ್ಕದ ಹತ್ತಾರು ಎಳೆಗಳು ಸೇರಿ ಒಂದು ಗೊಂಚಲಾಗಿ ಸುರುಳಿ ಸುತ್ತಿಕೊಂಡು ಒಣಗುತ್ತವೆ, ನಿಮಗೆ ಚೆಂದ ಅನಿಸುವುದು ಆ ಗೊಂಚಲೇ. ಒಣಗಿದ ಮೇಲೆ ಬಾಚಣಿಗೆ ಹಾಕಿದಿರಿ ಅಂದರೆ ಗೊಂಚಲು ಒಡೆದು ಒಂದೊಂದು ಎಳೆಯೂ ಬೇರೆ ಬೇರೆಯಾಗಿ ತನಗೆ ಬೇಕಾದ ಕಡೆ ತಿರುಗಿ ನಿಲ್ಲುತ್ತದೆ, ಕೂದಲು ಅಷ್ಟೇ ಇದ್ದರೂ ಜಾಗ ಮಾತ್ರ ಮೂರು ಪಟ್ಟು. ಮಳೆಗಾಲದ ಮಲೆನಾಡಲ್ಲೋ ಮಂಗಳೂರಲ್ಲೋ ಇದ್ದರಂತೂ ಗಾಳಿಯ ತೇವವೇ ಆ ಸಡಿಲ ಬಂಧಗಳನ್ನು ಅಷ್ಟಿಷ್ಟು ಬಿಡಿಸಿ ಇನ್ನೂ ಉಬ್ಬಿಸುತ್ತದೆ.

"ಒದ್ದೆ ತಲೆ ಬಾಚಬಾರದು ಅಂತಾರಲ್ಲ?" ಅಂತ ಕೇಳಬಹುದು. ಅದೂ ಸುಳ್ಳಲ್ಲ. ನೀರು ಕುಡಿದ ಕೂದಲು ಜಾಸ್ತಿ ಹಿಗ್ಗುತ್ತದೆ, ಬೇಗ ಹರಿಯುತ್ತದೆ. ಆದರೆ ಸುರುಳಿ ಕೂದಲನ್ನು ಒಣಗಿಸಿಕೊಂಡು ಬಾಚಿದರೆ ಗಂಟಿಗೆ ಗಂಟು ಸಿಕ್ಕಿಕೊಂಡು ಅದಕ್ಕಿಂತ ಜಾಸ್ತಿ ತುಂಡಾಗುತ್ತದೆ. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ ಸಲಹೆಯೂ ಹೀಗೇ ಇದೆ: ನೇರ ಕೂದಲಿನವರು ಸ್ವಲ್ಪ ಒಣಗಲು ಬಿಟ್ಟು ಬಾಚಲಿ, ಬಿಗಿ ಸುರುಳಿಯವರು ತೇವ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಬಾಚಲಿ. ಬರೀ ನೀರಿದ್ದರೆ ಸಾಲದು, ಜಾರುವಂಥದ್ದು ಏನಾದರೂ ಇರಲೇಬೇಕು.

ಕ್ರಮ ಕಷ್ಟದ್ದೇನಲ್ಲ. ಶಾಂಪೂ ನೆತ್ತಿಗೆ ಮಾತ್ರ. ತುದಿಗೆ ಇಳಿದು ಹೋಗುವ ನೊರೆಯೇ ಧಾರಾಳ. ಆಮೇಲೆ ಕಿವಿಯಿಂದ ಕೆಳಗಿನ ಭಾಗಕ್ಕೆ ಕಂಡೀಷನರ್, ಕೈ ಬಿಗಿ ಹಿಡಿಯದೆ. ತಲೆಯನ್ನು ನಾಲ್ಕು ಭಾಗ ಮಾಡಿ, ಒಂದು ಭಾಗ ಕೈಯಲ್ಲಿ ಹಿಡಿದು, ಮೊದಲು ಬೆರಳಲ್ಲೇ ದೊಡ್ಡ ಸಿಕ್ಕು ಬಿಡಿಸಿ. ನಂತರ ಬಾಚಣಿಗೆ. ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬನ್ನಿ. ನೆತ್ತಿಯಿಂದ ಸರ್ರನೆ ಎಳೆದರೆ ಎಲ್ಲ ಸಿಕ್ಕೂ ಕೆಳಗೆ ಹೋಗಿ ಒಂದೇ ಗಂಟಾಗುತ್ತದೆ, ಚಿಕ್ಕಂದಿನಲ್ಲಿ ಸ್ಕೂಲಿಗೆ ಹೊರಡುವ ಮುಂಚೆ ಅತ್ತವರಿಗೆಲ್ಲ ಇದು ಗೊತ್ತು. ತೊಳೆದ ಮೇಲೆ ಟವೆಲ್ಲಲ್ಲಿ ಉಜ್ಜಬೇಡಿ. ಹಳೆಯ ಕಾಟನ್ ಟೀ ಶರ್ಟಲ್ಲೋ ಪಂಚೆಯಲ್ಲೋ ಕೂದಲನ್ನು ಕೆಳಗಿನಿಂದ ಮೇಲಕ್ಕೆ ಮುದುರಿ ಒತ್ತಿ ನೀರು ಹೀರಿಸಿ. ಆಮೇಲೆ ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಕಷ್ಟದ ಹಂತ, ಕೈ ಸುಮ್ನೆ ಇರುವುದಿಲ್ಲ.

ದುಬಾರಿ ಕರ್ಲ್ ಕ್ರೀಮ್ ಬೇಕೇ ಬೇಕು ಅಂತೇನೂ ಇಲ್ಲ. ಶಿರಸಿ, ಸಾಗರದ ಕಡೆಯ ಮನೆಗಳಲ್ಲಿ ದಾಸವಾಳದ ಸೊಪ್ಪನ್ನು ನೀರಲ್ಲಿ ಕಿವುಚಿ ಗೊಂಪು ತೆಗೆದು ತಲೆಗೆ ಹಾಕುತ್ತಿದ್ದರಲ್ಲ, ಆ ಲೋಳೆ ಮಾಡುವ ಕೆಲಸವೂ ಇದೇ: ಎಳೆಗಳ ನಡುವೆ ಜಾರಿಕೆ ಕೊಡುವುದು. ಚೆನ್ನಾಗಿ ಸೋಸಿಕೊಳ್ಳಿ, ಎಲೆಯ ಚೂರು ಸುರುಳಿಯೊಳಗೆ ಹೋದರೆ ಹುಡುಕಿ ತೆಗೆಯುವುದೇ ಒಂದು ಕೆಲಸ. ಸೀಗೆಪುಡಿಯೂ ಹಾಗೇ, ನೇರವಾಗಿ ತಲೆಗೆ ಹಾಕುವ ಬದಲು ನೀರಲ್ಲಿ ಕುದಿಸಿ ಸೋಸಿದ ನೀರನ್ನು ಬಳಸಿ. ಚಟ್ನಿಪುಡಿಗೆ ಅಂತ ತಂದ ಅಗಸೆ ಬೀಜ ಮನೆಯಲ್ಲಿದ್ದರೆ ಕಾಲು ಕಪ್ಪಿಗೆ ಎರಡು ಕಪ್ ನೀರು ಹಾಕಿ, ಮೊಟ್ಟೆಯ ಬಿಳಿಯಷ್ಟು ಲೋಳೆ ಬರುವವರೆಗೆ ಕುದಿಸಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ. ತಣ್ಣಗಾದರೆ ಸೋಸಲು ಬರುವುದಿಲ್ಲ. ಸಿಕ್ಕು ಬಿಡಿಸಿ ತೊಳೆದ ಒದ್ದೆ ಕೂದಲಿಗೆ ಇದನ್ನು ಹಚ್ಚಿ ಮುದುರಿ ಬಿಟ್ಟರೆ ಅಂಗಡಿಯ ಜೆಲ್ ಮಾಡುವ ಕೆಲಸವನ್ನೇ ಮಾಡುತ್ತದೆ. ಒಣಗಿದಾಗ ಕೂದಲು ಗರಿಗರಿ ಅನಿಸುತ್ತದೆ, ಗಾಬರಿ ಬೇಡ, ಅಂಗೈಯಲ್ಲಿ ಮೆತ್ತಗೆ ಹಿಸುಕಿದರೆ ಬಿಟ್ಟುಕೊಳ್ಳುತ್ತದೆ. ಉಳಿದದ್ದನ್ನು ಫ್ರಿಜ್ಜಲ್ಲಿ ಇಟ್ಟು ಒಂದು ವಾರದೊಳಗೆ ಮುಗಿಸಿ.

ಎಣ್ಣೆ? ಹಚ್ಚಿ, ಆದರೆ ಸ್ನಾನಕ್ಕೆ ಮುಂಚೆ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ 2003ರ ಒಂದು ಅಧ್ಯಯನದಲ್ಲಿ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. (ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಮಾರಿಕೊ ಕಂಪನಿಯ ಸಂಶೋಧಕರೇ, ಅದೂ ನೆನಪಿರಲಿ.) ಅದರಲ್ಲಿರುವ ಲಾರಿಕ್ ಆಮ್ಲ ಎಳೆಯೊಳಗೆ ಇಳಿಯುತ್ತದೆ, ಹಾಗಾಗಿ ನೀರು ಬಿದ್ದಾಗ ಕೂದಲು ವಿಪರೀತ ಉಬ್ಬುವುದು ಕಡಿಮೆಯಾಗುತ್ತದೆ. ಒಣಗಿದ ಮೇಲೆ ಬಟ್ಟಲುಗಟ್ಟಲೆ ಹಚ್ಚಿದರೆ ಸುರುಳಿ ಭಾರಕ್ಕೆ ಜೋತುಬಿದ್ದು ಧೂಳು ಹಿಡಿಯುತ್ತದೆ ಅಷ್ಟೇ. ತಲೆಹೊಟ್ಟು ಇರುವವರು ರಾತ್ರಿಯಿಡೀ ನೆತ್ತಿಗೆ ಎಣ್ಣೆ ಬಿಡಬೇಡಿ, ಹೊಟ್ಟಿಗೆ ನಂಟಿರುವ ಮಲಸೀಜಿಯ ಎಂಬ ಯೀಸ್ಟಿಗೆ ಜಿಡ್ಡೇ ಊಟ.

ಬೆಳಿಗ್ಗೆ ಎದ್ದಾಗ ಒಂದು ಪಕ್ಕ ಚಪ್ಪಟೆಯಾಗಿದ್ದರೆ ಬಾಚಣಿಗೆ ಹುಡುಕಬೇಡಿ. ಕೈ ಒದ್ದೆ ಮಾಡಿಕೊಂಡು ಆ ಭಾಗಕ್ಕಷ್ಟೇ ಸವರಿ ಮುದುರಿ. ರಾತ್ರಿ ಕೂದಲನ್ನು ನೆತ್ತಿಯ ಮೇಲೆ ಸಡಿಲವಾಗಿ ಕಟ್ಟಿ, ದಿಂಬಿಗೆ ಸ್ಯಾಟಿನ್ ಕವರೋ ಹಳೆಯ ರೇಷ್ಮೆ ಸೀರೆಯ ತುಂಡೋ ಹಾಕಿದರೆ ಉಜ್ಜಾಟ ಕಡಿಮೆ.

ಸ್ಕೂಲಿಗೆ ಎರಡು ಜಡೆ ಹಾಕಲೇಬೇಕಾದ ಮಕ್ಕಳಿಗೆ ಏನು ಮಾಡುವುದು ಅಂತ ತಾಯಂದಿರು ಕೇಳುತ್ತಾರೆ, ಅದರಲ್ಲೂ ತಮ್ಮದು ನೇರ ಕೂದಲು, ಮಗಳದ್ದು ಗುಂಗುರು ಇರುವವರು. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಚೂರು ಕಂಡೀಷನರ್ ಬೆರೆಸಿಟ್ಟುಕೊಂಡು, ಚಿಮುಕಿಸಿ, ಬೆರಳಲ್ಲಿ ಬಿಡಿಸಿ ಜಡೆ ಹಾಕಿ. ಬಿಗಿಯಾಗಿ ಬೇಡ. ವರ್ಷಗಟ್ಟಲೆ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ಶಾಶ್ವತವಾಗಿ ಹೋಗುವುದೂ ಉಂಟು. ಹೇನು ಬಂದಾಗ ಮಾತ್ರ ನಿಯಮ ಬೇರೆ: ಕಂಡೀಷನರ್ ಹಚ್ಚಿ ಮೊದಲು ಅಗಲ ಹಲ್ಲಿನಿಂದ ಸಿಕ್ಕು ಬಿಡಿಸಿ, ಆಮೇಲೆ ಹೇನು ಬಾಚಣಿಗೆಯಲ್ಲಿ ಬುಡದಿಂದ ತುದಿಯವರೆಗೆ ಎಳೆಯಿರಿ. ಇದನ್ನು ಕೆಲವು ದಿನಕ್ಕೊಮ್ಮೆ ಎರಡು ಮೂರು ವಾರ ಮಾಡಬೇಕು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ವಾರ ಅದೇ ಪ್ರಶ್ನೆ ಬರುತ್ತದೆ. ನಾಲ್ಕು ದಿನ ಬಾಚದೆ ಇದ್ದು ತಲೆಸ್ನಾನದ ದಿನ ಬಾಚಿದಾಗ ಮುಷ್ಟಿ ತುಂಬ ಕೂದಲು ಕೈಗೆ ಬರುತ್ತದೆ. ಅಮ್ಮನಿಗೆ ತೋರಿಸಿದರೆ "ನೋಡು, ಬಾಚದೇ ಹೀಗಾಯ್ತು" ಅಂತಾರೆ. ಎಲ್ಲರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನೇರ ಕೂದಲು ನೆಲಕ್ಕೆ ಬೀಳುತ್ತದೆ, ನಮ್ಮದು ಸುರುಳಿಯೊಳಗೇ ಸಿಕ್ಕಿಕೊಂಡು ಕೂತಿರುತ್ತದೆ. ನಾಲ್ಕು ದಿನಕ್ಕೆ 200ರಿಂದ 400 ಆಯಿತು, ಅದೆಲ್ಲ ಒಂದೇ ಸಲ ಬಂದರೆ ಮುಷ್ಟಿ ತುಂಬುತ್ತದೆ ಅಲ್ವಾ? ಬೈತಲೆ ತಿಂಗಳಿಂದ ತಿಂಗಳಿಗೆ ಅಗಲವಾಗುತ್ತಿದ್ದರೆ, ನಾಣ್ಯದಷ್ಟು ಜಾಗ ಬೋಳಾಗಿದ್ದರೆ, ಅಥವಾ ಹೆರಿಗೆಯೋ ದೊಡ್ಡ ಜ್ವರವೋ ಆಗಿ ಎರಡು ಮೂರು ತಿಂಗಳಿಗೆ ಉದುರುವುದು ದಿಢೀರ್ ಜಾಸ್ತಿಯಾಗಿದ್ದರೆ ಬಾಚಣಿಗೆಯನ್ನು ದೂರುವುದು ಬಿಟ್ಟು ಚರ್ಮವೈದ್ಯರ ಹತ್ತಿರ ಹೋಗಿ. ಕಬ್ಬಿಣದ ಅಂಶ, ಥೈರಾಯ್ಡ್ ಎರಡನ್ನೂ ರಕ್ತ ಪರೀಕ್ಷೆಯಲ್ಲಿ ನೋಡಿಸಬೇಕಾ ಅಂತಲೂ ಕೇಳಿ.