ದೋಣಿ ದಡದ ಮೇಲೆ, ರಜೆ ಹತ್ತೇ ದಿನ

ಕೆಲಸ ಬೆಂಗಳೂರಿನಲ್ಲಿ, ಹಾಯಿದೋಣಿ ಮಲೇಷ್ಯಾದ ಲಂಕಾವಿಯಲ್ಲೋ ಥಾಯ್ಲೆಂಡಿನ ಫುಕೆಟ್‌ನಲ್ಲೋ. ಹೀಗೆ ಎರಡು ಕಡೆ ಕಾಲಿಟ್ಟು ಬದುಕುವವರು ನಮ್ಮ ನಡುವೆ ಹೆಚ್ಚಿಲ್ಲ. ಇರುವವರಲ್ಲಿ ಕೆಲವರು ಒಂದಲ್ಲ ಒಂದು ದಿನ ನನಗೆ ಫೋನ್ ಮಾಡುತ್ತಾರೆ. ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು, ಈಗ ಬನಶಂಕರಿಯಲ್ಲಿ ನೆಲೆ ನಿಂತು ದೋಣಿಗಳ ಸ್ಥಿತಿ ಪರೀಕ್ಷಿಸುವ ಸರ್ವೇಯರ್ ನಾನು. ಕೇಳುವುದು ಬಹುತೇಕ ಒಂದೇ: “ಸರ್, ದೋಣಿ ಮೇಲೆತ್ತಿಸಿ ಸರ್ವಿಸ್ ಮಾಡಿಸಬೇಕು. ಹತ್ತು ದಿನ ರಜೆ ಸಿಕ್ಕಿದೆ. ಯಾರ್ಡ್‌ನವರಿಗೆ ಒಪ್ಪಿಸಿ ಬಂದ್ರೆ ಸಾಕಲ್ವಾ, ಕಾರನ್ನ ಸರ್ವಿಸ್‌ಗೆ ಬಿಟ್ಟ ಹಾಗೆ?”

ಸಾಕಾಗುವುದಿಲ್ಲ. ಕಾರು ಬಿಟ್ಟರೆ ಅಲ್ಲೊಬ್ಬ ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡ್ ಬರೆದುಕೊಳ್ಳುತ್ತಾನೆ, ಸಂಜೆ ಅವನೇ ಫೋನ್ ಮಾಡುತ್ತಾನೆ. ಹೆಚ್ಚಿನ ಯಾರ್ಡ್‌ಗಳಲ್ಲಿ ಆ ಮನುಷ್ಯನೇ ಇರುವುದಿಲ್ಲ. ಅವರು ಮಾರುವುದು ಎತ್ತುವ ಯಂತ್ರದ ಸಮಯ, ನಿಲ್ಲಿಸಲು ಜಾಗ, ನೀರು, ಕರೆಂಟು. ಬಣ್ಣದವರು, ಎಂಜಿನ್‌ನವರು, ಫೈಬರ್ ಕೆಲಸದವರು, ಹಾಯಿಕಂಬ, ಹಗ್ಗ ನೋಡುವ ರಿಗ್ಗಿಂಗ್‌ನವರು ಬಹಳ ಕಡೆ ಹೊರಗಿನ ಗುತ್ತಿಗೆದಾರರು. ಒಬ್ಬರಿಗೊಬ್ಬರು ಉತ್ತರ ಕೊಡಬೇಕಾದವರಲ್ಲ. ಇವರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸುವ ಕೆಲಸ ಮಾಲೀಕನದೇ.

ಹಾಗಾಗಿ ನಾನು ಹೇಳುವುದಿಷ್ಟು: ಹತ್ತು ದಿನವನ್ನು ಒಟ್ಟಿಗೆ ಖರ್ಚು ಮಾಡಬೇಡಿ. ಎತ್ತುವಾಗ ನಾಲ್ಕು ದಿನ ಇರಿ, ನೀರಿಗಿಳಿಸುವಾಗ ಉಳಿದ ದಿನ ಇರಿ, ನಡುವಿನ ವಾರಗಳಲ್ಲಿ ಬೆಂಗಳೂರಿಗೆ ವಾಪಸ್ ಬನ್ನಿ. ಇನ್ನೊಂದು ವಿಮಾನದ ಟಿಕೆಟ್ ಬೀಳುತ್ತದೆ ನಿಜ. ಯಾರೂ ನೋಡದೆ ಇಳಿಸಿದ ದೋಣಿಯ ಒಂದು ಪೈಪ್ ಕಳಚಿದರೆ ಆಗುವ ನಷ್ಟಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. 2023ರ ಡಿಸೆಂಬರ್‌ನಲ್ಲಿ ಮಲೇಷ್ಯಾ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಇರಲು ಬಿಟ್ಟ ಮೇಲಂತೂ ಲಂಕಾವಿಗೆ ಎರಡು ಸಲ ಹೋಗಿಬರುವುದು ತಲೆನೋವಿನ ವಿಷಯವಾಗಿ ಉಳಿದಿಲ್ಲ.

ಯೂರೋಪ್‌ನಲ್ಲಿ ದೋಣಿ ಇಟ್ಟವರ ಲೆಕ್ಕ ಬೇರೆ. ಅಲ್ಲಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ನಿಯಮದಂತೆ ಯಾವುದೇ 180 ದಿನಗಳಲ್ಲಿ ನೀವು 90 ದಿನ ಮಾತ್ರ ಇರಬಹುದು. ಯೂರೋಪಿಯನ್ ಒಕ್ಕೂಟದ ಹೊರಗೆ ವಾಸಿಸುವವರ, ಹೊರಗಿನ ಬಾವುಟದ ದೋಣಿ ಅಲ್ಲಿ ತೆರಿಗೆ ಕಟ್ಟದೆ 18 ತಿಂಗಳು ಇರಬಹುದು. ಮನುಷ್ಯನ ಗಡಿಯಾರ ಒಂದು, ದೋಣಿಯ ಗಡಿಯಾರ ಇನ್ನೊಂದು. ಗ್ರೀಸ್‌ನಲ್ಲಿ ಓಡಾಡಿ ದೋಣಿ ಎತ್ತಿಸಲು ಪಕ್ಕದ ಟರ್ಕಿಯ ಮಾರ್ಮರಿಸ್‌ಗೆ ಹೋಗುವವರು ಯಾರ್ಡ್‌ನ ದರವನ್ನಷ್ಟೇ ನೋಡಿ ಹೋಗುವುದಿಲ್ಲ. ಟರ್ಕಿ ಆ ಒಕ್ಕೂಟದ ಹೊರಗಿರುವುದರಿಂದ ದೋಣಿಯ 18 ತಿಂಗಳ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

“ನಮ್ಮ ಮಲ್ಪೆಯಲ್ಲೇ ಮಾಡಿಸಬಾರದಾ?” ಎಂದು ಕೇಳುವ ಕರಾವಳಿಯವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ದಡಕ್ಕೆ ಬಂದ ದೋಣಿಗಳ ತಳ ಕೆರೆದು, ಬಣ್ಣ ಬಳಿದು, ಪ್ರೊಪೆಲರ್ ಬಿಚ್ಚುವ ಕೈಗಳ ಅನುಭವ ದೊಡ್ಡದು. ತೊಂದರೆ ದೋಣಿಯ ಆಕಾರದಲ್ಲಿದೆ. ಮೀನುಗಾರಿಕಾ ದೋಣಿಯನ್ನು ಎಳೆದು ಕೂರಿಸಬಹುದು. ಸಾಗರಯಾನದ ಹಾಯಿದೋಣಿಯ ಹೊಟ್ಟೆಯಿಂದ ಕೆಳಕ್ಕೆ ಕೀಲ್ ಇಳಿದಿರುತ್ತದೆ, ನೀರಿನ ಮಟ್ಟದಿಂದ ಎರಡು ಮೀಟರ್ ಆಳದವರೆಗೆ. ಅದರೊಳಗೆ ಟನ್‌ಗಟ್ಟಲೆ ಸೀಸ ಅಥವಾ ಎರಕದ ಕಬ್ಬಿಣ. ಅದನ್ನು ಎರಡು ಅಗಲ ಪಟ್ಟಿಗಳಲ್ಲಿ ತೂಗಿ ಎತ್ತುವ, ನಾಲ್ಕು ಚಕ್ರದ ಟ್ರಾವೆಲ್‌ಲಿಫ್ಟ್ ಬೇಕು. ಎರಡು ಒಡಲಿನ ಕ್ಯಾಟಮರಾನ್ ಆದರೆ ಯಂತ್ರದ ಕಾಲುಗಳ ನಡುವಿನ ಅಗಲವನ್ನೇ ಮೊದಲು ವಿಚಾರಿಸಬೇಕು. ಎತ್ತುವ ಶಕ್ತಿ ಇದ್ದರೂ ಅಗಲ ಸಾಲದೆ ವಾಪಸ್ ಹೋದ ದೋಣಿಗಳಿವೆ.

ಈಗ ಮೊದಲ ನಾಲ್ಕು ದಿನಗಳ ಮಾತು.

ಎತ್ತುವ ಮುನ್ನ ಪಟ್ಟಿ ಎಲ್ಲಿ ಕೂರಬೇಕು ಎಂದು ನೀವೇ ತೋರಿಸಬೇಕು. ನೀರಿನೊಳಗಿನದು ಮೇಲಿಂದ ಕಾಣುವುದಿಲ್ಲ. ಹಿಂಬದಿಯ ಪಟ್ಟಿ ಪ್ರೊಪೆಲರ್ ಶಾಫ್ಟಿನ ಮೇಲೋ, ಎಂಜಿನ್‌ನಿಂದ ತಳ ತೂರಿ ಕೆಳಗಿಳಿದು ಪ್ರೊಪೆಲರ್ ಹೊರುವ ಸೇಲ್‌ಡ್ರೈವ್ ಕಾಲಿನ ಮೇಲೋ ಕೂತರೆ ಇಡೀ ದೋಣಿಯ ಭಾರ ಅದರ ಮೇಲೆ. ವೇಗ ಅಳೆಯುವ ಪುಟ್ಟ ಚಕ್ರವನ್ನು ಒಳಕ್ಕೆ ಎಳೆದು ಬೂಚು ಹಾಕಿರಬೇಕು. ಹಿಂದೊಮ್ಮೆ ಎತ್ತಿದಾಗ ಪಕ್ಕದಿಂದ ತೆಗೆದ ಒಂದು ಫೋಟೊ ಇದ್ದರೆ ಲಿಫ್ಟ್ ಓಡಿಸುವವನ ಕೈಗೆ ಕೊಡಿ. ನಿಮ್ಮ ಭಾಷೆ ಅವನಿಗೆ, ಅವನ ಭಾಷೆ ನಿಮಗೆ ಬಾರದಿದ್ದರೂ ಕೆಲಸ ನಡೆಯುತ್ತದೆ.

ದೋಣಿ ಮೇಲೆ ಬಂದ ತಕ್ಷಣ ಹೈಪ್ರೆಶರ್ ನೀರಿನಲ್ಲಿ ತೊಳೆಯುತ್ತಾರೆ. ಎಷ್ಟೋ ಮಾಲೀಕರು ಆ ಹೊತ್ತಿಗೆ ಕಾಫಿಗೆ ಹೋಗಿರುತ್ತಾರೆ, ಸರ್ವೇಯರ್‌ಗೆ ಮರುದಿನ ಬನ್ನಿ ಎನ್ನುತ್ತಾರೆ. ನನಗೆ ಇದರಷ್ಟು ಸಿಟ್ಟು ತರಿಸುವುದು ಇನ್ನೊಂದಿಲ್ಲ. ಒದ್ದೆ ತಳ ಹೇಳುವುದನ್ನು ಒಣಗಿದ ತಳ ಹೇಳುವುದಿಲ್ಲ. ಫೈಬರ್‌ಗ್ಲಾಸ್‌ನೊಳಗೆ ನೀರು ಸೇರಿ ರಾಳದ ಜೊತೆ ವರ್ತಿಸಿ ಎದ್ದ ಗುಳ್ಳೆಗಳು, ಅಂದರೆ ಆಸ್ಮೋಸಿಸ್, ಎತ್ತಿ ತೊಳೆದ ಹೊತ್ತಿನಲ್ಲಿ ಓರೆ ಬೆಳಕಿಗೆ ಉಬ್ಬಿ ಕಾಣುತ್ತವೆ. ದಿನಗಳು ಕಳೆದಂತೆ ಕೆಲವು ತಗ್ಗಿಬಿಡುತ್ತವೆ. ಚುಕ್ಕಾಣಿಯ ಕೆಳಅಂಚಿನಿಂದ ನೀರು ಒಸರುತ್ತಿದ್ದರೆ ಅದರ ಹೊಟ್ಟೆಗೆ ನೀರು ಹೋಗಿದೆ ಎಂದರ್ಥ. ಕೀಲ್ ಮತ್ತು ತಳ ಕೂಡುವ ಗೆರೆಯಲ್ಲಿ ತುಕ್ಕಿನ ಬಣ್ಣದ ನೀರು ಇಳಿಯುತ್ತಿದ್ದರೆ ಆ ಜಾಗ ಗುರುತು ಮಾಡಿ. ತೇವ ಅಳೆಯುವ ಮಾಯಿಶ್ಚರ್ ಮೀಟರ್ ಮಾತ್ರ ಅವತ್ತು ಬೇಡ. ಆಗಷ್ಟೇ ನೀರಿನಿಂದ ಬಂದ ತಳಕ್ಕೆ ಅದನ್ನು ಹಿಡಿದರೆ ಎಲ್ಲೆಲ್ಲೂ ಮುಳ್ಳು ಕೊನೆಗೆ ಹೋಗಿ ನಿಲ್ಲುತ್ತದೆ, ಅದನ್ನೇ ತೋರಿಸಿ ಲಕ್ಷಗಟ್ಟಲೆ ರೂಪಾಯಿಯ ಎಪಾಕ್ಸಿ ಕೆಲಸ ಒಪ್ಪಿಸುವವರೂ ಸಿಗುತ್ತಾರೆ.

ಕೀಲ್ ವಿಷಯದಲ್ಲಿ ನಾನು ಸ್ವಲ್ಪ ಹೆದರುಪುಕ್ಕಲ. 2014ರ ಮೇನಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ‘ಚೀಕಿ ರಫೀಕಿ’ ಎಂಬ ಬ್ರಿಟಿಷ್ ಹಾಯಿದೋಣಿಯ ಕೀಲ್ ಕಳಚಿ ದೋಣಿ ಮಗುಚಿತು. ಅದರಲ್ಲಿದ್ದ ನಾಲ್ವರೂ ಮರಳಲಿಲ್ಲ. ಹಿಂದೆ ತಳ ನೆಲಕ್ಕೆ ತಾಗಿದ್ದು, ಆಮೇಲಿನ ರಿಪೇರಿಗಳು, ಇವೆಲ್ಲ ಸೇರಿ ರಚನೆಯನ್ನು ದುರ್ಬಲಗೊಳಿಸಿರಬಹುದು ಎಂದು ಬ್ರಿಟನ್ನಿನ ಅಪಘಾತ ತನಿಖಾ ಸಂಸ್ಥೆ ಹೇಳಿತು. ಆದ್ದರಿಂದ ಕೊಳ್ಳುವಾಗ ಹಿಂದಿನ ಮಾಲೀಕ “ಒಂದ್ಸಲ ಮೆತ್ತಗೆ ಮರಳಿಗೆ ತಾಗಿತ್ತು” ಎಂದಿದ್ದರೆ ಆ ಮಾತನ್ನು ಸರ್ವೇಯರ್‌ನಿಂದ ಮುಚ್ಚಿಡಬೇಡಿ. ಹೊರಗೆ ಗೆರೆ ನೋಡುವುದರ ಜೊತೆಗೆ ಒಳಗೆ ನೆಲಹಲಗೆ ಎತ್ತಿ ಬೋಲ್ಟಿನ ಸುತ್ತ, ಅಡ್ಡಪಟ್ಟಿಗಳು ತಳಕ್ಕೆ ಅಂಟಿರುವ ಕಡೆ ಬಿರುಕಿದೆಯೇ ಎಂದು ನೋಡಬೇಕು. ಹೊರಗೆ ಹೊಸ ಬಣ್ಣ ಬಳಿದ ಮೇಲೆ ಆ ಗೆರೆ ಯಾರಿಗೂ ಕಾಣುವುದಿಲ್ಲ.

ಸ್ಟೀರಿಂಗ್ ಅಷ್ಟೇ ಮುಖ್ಯ. ಗೋವಾದಲ್ಲಿ ಕಟ್ಟಿದ ನೌಕಾಪಡೆಯ ‘ತಾರಿಣಿ’ ಮಹಿಳೆಯರ ತಂಡದೊಂದಿಗೆ ಭೂಮಿ ಸುತ್ತಿ ಬರುವಾಗ, 2018ರಲ್ಲಿ, ಸ್ಟೀರಿಂಗ್ ತೊಂದರೆಗಾಗಿಯೇ ಯೋಜನೆಯಲ್ಲಿಲ್ಲದ ಮಾರಿಷಸ್‌ಗೆ ಹೋಗಬೇಕಾಯಿತು. ಅಷ್ಟು ಚೆನ್ನಾಗಿ ನೋಡಿಕೊಂಡ ದೋಣಿಗೇ ಹೀಗಾದರೆ, ವರ್ಷಕ್ಕೆರಡು ಸಲ ಮುಖ ತೋರಿಸುವ ನಮ್ಮದರ ಗತಿ? ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಬೇರಿಂಗ್ ಸವೆದಿದ್ದರೆ ಕೈಗೇ ಗೊತ್ತಾಗುತ್ತದೆ. ಪ್ರೊಪೆಲರ್ ಶಾಫ್ಟಿನ ರಬ್ಬರ್ ಬೇರಿಂಗಿಗೂ ಅದೇ ಪರೀಕ್ಷೆ.

ಆಮೇಲೆ ಸೀಕಾಕ್‌ಗಳು. ನೀರಿನ ಮಟ್ಟದ ಕೆಳಗೆ ತಳ ಕೊರೆದು ಕೂರಿಸಿದ ಈ ಕವಾಟಗಳು ದಡದ ಮೇಲಿದ್ದಾಗ ಮಾತ್ರ ನೆಮ್ಮದಿಯಿಂದ ಬಿಚ್ಚಲು ಸಿಗುತ್ತವೆ. ಹೊರಬದಿಯನ್ನು ಸ್ವಲ್ಪ ಕೆರೆದು ನೋಡಿ. ಹಳದಿ ಲೋಹ ಹೊಳೆದರೆ ಸರಿ. ಗುಲಾಬಿ ಬಣ್ಣ ಕಂಡರೆ ಹಿತ್ತಾಳೆಯೊಳಗಿನ ಸತು ಸಮುದ್ರದ ನೀರಿಗೆ ಹೋಗಿ ತಾಮ್ರವಷ್ಟೇ ಪೊಳ್ಳಾಗಿ ಉಳಿದಿದೆ, ಸುತ್ತಿಗೆಯ ಒಂದು ಪೆಟ್ಟಿಗೂ ಮುರಿಯಬಹುದು. ಬದಲಿಸುವಾಗ ಬ್ರಾಂಜ್ ಅಥವಾ ಸತು ಬಿಡದ ಡಿಜೆಡ್‌ಆರ್ ಹಿತ್ತಾಳೆ ಎಂದು ಬರೆದೇ ಕೊಡಬೇಕು. ಸೇಲ್‌ಡ್ರೈವ್ ಇದ್ದರೆ ಅದರ ರಬ್ಬರ್ ಡಯಾಫ್ರಮ್‌ನ ವಯಸ್ಸು ನೋಡಿ. ವೋಲ್ವೊ ಪೆಂಟಾ ಏಳು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತದೆ. ಉಳಿದ ಲೋಹಗಳನ್ನು ಕಾಯಲು ತಾವೇ ಕರಗುವ ಝಿಂಕ್ ಆನೋಡ್‌ಗಳನ್ನು ಅರ್ಧ ಕರಗಿದ್ದರೆ ಬದಲಿಸಿ, ಬಣ್ಣದವನು ಅವುಗಳ ಮೇಲೂ ಬಳಿದುಬಿಡದಂತೆ ನೋಡಿಕೊಳ್ಳಿ. ಬಳಿದರೆ ಅವು ಇದ್ದೂ ಇಲ್ಲದ ಹಾಗೆ.

ಇಷ್ಟೂ ನೋಡಿದ ಮೇಲೆ ನಾಲ್ಕನೇ ದಿನ ಕೂತು ಕೆಲಸದ ಪಟ್ಟಿ ಬರೆಯಿರಿ. ಬೆಂಗಳೂರಿನಿಂದಲೇ ಎಕ್ಸೆಲ್ ಶೀಟ್ ತುಂಬಿಸಿಕೊಂಡು ಹೋಗುವ ನಮ್ಮವರ ಉತ್ಸಾಹ ನನಗೆ ಗೊತ್ತು. ತಳ ನೋಡದೆ ಬರೆದ ಪಟ್ಟಿಗೆ ಬಂದ ಕೊಟೇಶನ್ ಕಾಗದಕ್ಕಷ್ಟೇ ಬೆಲೆ. ಒಂದೊಂದು ಕೆಲಸಕ್ಕೂ ಯಾರು, ಯಾವ ಸಾಮಾನು, ಎಷ್ಟು ಹಣ, ಯಾವ ಹಂತದ ಫೋಟೊ ಕಳಿಸಬೇಕು ಎಂದು ಬರೆಯಿಸಿ. ಬಣ್ಣವಾದರೆ ಪ್ರತಿ ಕೋಟ್ ಆದ ಮೇಲೆ, ಖಾಲಿ ಡಬ್ಬಗಳ ಸಮೇತ ಫೋಟೊ. ಡಬ್ಬದ ಹೆಸರು ಮುಂದಿನ ಸಲವೂ ಬೇಕು. ತಳಕ್ಕೆ ಜೀವಿಗಳು ಅಂಟದಂತೆ ಬಳಿದ ಹಳೆಯ ಆಂಟಿಫೌಲಿಂಗ್ ಬಣ್ಣ ಯಾವುದೆಂದು ತಿಳಿಯದೆ ಮೇಲೆ ಹೊಸದನ್ನು ಬಳಿದರೆ ಹೊಂದದೆ ಸಿಪ್ಪೆ ಏಳಬಹುದು. ತವರದ ಸಂಯುಕ್ತ ಸೇರಿಸಿದ ಬಣ್ಣಗಳಿಗೆ 2008ರಿಂದ ಅಂತರರಾಷ್ಟ್ರೀಯ ನಿಷೇಧವಿದೆ, ಯಾರಾದರೂ “ಹಳೇ ಸ್ಟಾಕ್ ಇದೆ, ಬಲು ಗಟ್ಟಿ” ಎಂದರೆ ಕೈಮುಗಿದು ಮುಂದೆ ಹೋಗಿ. ಅಲ್ಯೂಮಿನಿಯಂ ದೋಣಿಯವರು ತಾಮ್ರ ಬೆರೆತ ಬಣ್ಣವನ್ನೂ ದೂರವಿಡಬೇಕು, ಅದು ಒಡಲನ್ನೇ ತಿನ್ನುತ್ತದೆ. ಮುಂದೆ ನ್ಯೂಜಿಲೆಂಡ್‌ಗೆ ಹೊರಟವರಿದ್ದರೆ ಬಿಲ್ಲು, ಫೋಟೊ ಜೋಪಾನ. ತಳಕ್ಕೆ ಅಂಟಿ ಬರುವ ಜೀವಿಗಳ ಬಗ್ಗೆ ಅಲ್ಲಿ 2018ರಿಂದ ಕಟ್ಟುನಿಟ್ಟು, ತಳ ಶುಚಿ ಮಾಡಿಸಿದ್ದಕ್ಕೆ ಪುರಾವೆ ಕೇಳುತ್ತಾರೆ.

ಹೊರಡುವ ಮುನ್ನ ಹಾಯಿಗಳನ್ನು ಇಳಿಸಿ ಒಳಗಿಡಿ. ದೋಣಿ ನಡೆಸುವವರು ಕೂರುವ ಕಾಕ್‌ಪಿಟ್‌ನ ನೀರು ಹೋಗುವ ತೂತುಗಳು ಕಟ್ಟಿಲ್ಲವೇ ನೋಡಿ, ಅಲ್ಲಿನ ಮಳೆ ಸುರಿದರೆ ನಮ್ಮ ಆಗುಂಬೆ ನೆನಪಾಗುತ್ತದೆ. ದೋಣಿ ವಾಲದಂತೆ ಪಕ್ಕಗಳಿಂದ ಆನಿಸಿದ ಒತ್ತುಗಂಬಗಳಿಗೆ ಟಾರ್ಪಾಲಿನ ಹಗ್ಗ ಕಟ್ಟಲೇಬೇಡಿ. ಗಾಳಿಗೆ ಟಾರ್ಪಾಲು ಹಾರಿದರೆ ಕಂಬವೂ ಜೊತೆಗೆ ಹೋಗುತ್ತದೆ, ಆಮೇಲೆ ದೋಣಿ.

ನಡುವಿನ ವಾರಗಳಲ್ಲಿ ಇಲ್ಲಿ ಕೂತು ಮಾಡುವ ಕೆಲಸ ಎರಡು: ಸಾಮಾನು ಮತ್ತು ಹಣ. ಎಸ್.ಜೆ.ಪಿ. ರಸ್ತೆಯಲ್ಲಿ ಸ್ಟೇನ್‌ಲೆಸ್ ಬೋಲ್ಟ್ ಅಗ್ಗ ಎಂದು ಚೀಲ ತುಂಬಿಸಿಕೊಳ್ಳುವವರು 316 ದರ್ಜೆಯದೇ ಎಂದು ಖಾತ್ರಿ ಮಾಡಿಕೊಳ್ಳಲಿ. 304 ಅಡುಗೆಮನೆಗೆ ಸಾಕು, ಉಪ್ಪುನೀರಿಗೆ ಸಾಲದು. ಬಣ್ಣ, ರಾಳದ ಹಾರ್ಡ್ನರ್, ಅಪಾಯ ಸೂಚಿಸುವ ಫ್ಲೇರ್ ಇವು ಯಾವುವೂ ವಿಮಾನದ ಲಗೇಜಿಗೆ ಸೇರುವಂತಿಲ್ಲ, ದೇವನಹಳ್ಳಿಯಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಹಣದ ದಾರಿ ಎಲ್‌ಆರ್‌ಎಸ್, ಅಂದರೆ ಭಾರತದಲ್ಲಿರುವವರು ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿದ ಯೋಜನೆ: ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ಮಿತಿ ದೊಡ್ಡದೇ. ಮರೆಯುವುದು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ವಸೂಲಾಗುವ ತೆರಿಗೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಇಂಥ ಪಾವತಿಗೆ ಬ್ಯಾಂಕ್ 20% ಹಿಡಿಯುತ್ತದೆ. ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಆದರೆ ಆವತ್ತಿಗೆ ಆ ಹಣ ಕೈಯಲ್ಲಿರಬೇಕಲ್ಲ. ಪೂರ್ತಿ ಮುಂಗಡ ಯಾರಿಗೂ ಕೊಡಬೇಡಿ. ಕೊನೆಯ ಕಂತು ದೋಣಿ ನೀರಿನಲ್ಲಿ ಓಡಿದ ಮೇಲೆ ಎಂದು ಗುತ್ತಿಗೆದಾರರ ಜೊತೆ ಮೊದಲೇ ಮಾತಾಗಿರಲಿ. ಯಾರ್ಡ್ ಮಾತ್ರ ಇದಕ್ಕೆ ಒಪ್ಪುವುದಿಲ್ಲ. ತನ್ನ ಬಾಕಿ ಚುಕ್ತಾ ಆಗದೆ ದೋಣಿ ಇಳಿಸುವುದಿಲ್ಲ.

ಇಲ್ಲೇ ಒಂದು ಕಥೆ. ಫುಕೆಟ್‌ನ ಬೋಟ್ ಲಗೂನ್ ಥರದ ಕೆಲವು ಯಾರ್ಡ್‌ಗಳಿಗೆ ಹೋಗುವ ಕಾಲುವೆ ಆಳವಿಲ್ಲ. ಕೀಲ್ ಉದ್ದವಿದ್ದರೆ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನ ದೊಡ್ಡ ಉಬ್ಬರಕ್ಕೆ ಕಾಯಬೇಕು. ಅಂಥದೊಂದು ಯಾರ್ಡ್‌ನಲ್ಲಿದ್ದ ಜಯನಗರದ ಗೆಳೆಯರೊಬ್ಬರ ದೋಣಿಗೆ ಅಮಾವಾಸ್ಯೆಯ ದಿನ ಗೊತ್ತಾಗಿತ್ತು. ಅವರ ಅತ್ತೆಯವರ ತಕರಾರು: “ಅಮಾವಾಸ್ಯೆ ದಿನ ಯಾರಾದ್ರೂ ಹೊಸದಾಗಿ ನೀರಿಗಿಳಿಸ್ತಾರೇನಪ್ಪಾ?” ಚಂದ್ರ ಸೂರ್ಯ ಒಂದೇ ಸಾಲಿಗೆ ಬಂದಾಗಲೇ ನೀರು ಏರುವುದು ಎಂದು ನಾನು ಸಮಾಧಾನ ಹೇಳಿದೆ. ಅಷ್ಟರಲ್ಲಿ ಶುಕ್ರವಾರ ಸಂಜೆ ಕಳಿಸಿದ ಹಣ ಶನಿವಾರ, ಭಾನುವಾರ ದಾಟಿ ಬಂತು, ಉಬ್ಬರ ಕಳೆದಿತ್ತು. ಹದಿನೈದು ದಿನದ ಜಾಗದ ಬಾಡಿಗೆ ಹೆಚ್ಚಿಗೆ ಕಟ್ಟಿ ಹುಣ್ಣಿಮೆಗೆ ಇಳಿಸಿದರು. ಅತ್ತೆಯವರು ಏನೂ ಹೇಳಲಿಲ್ಲವಂತೆ, ನಕ್ಕರಂತೆ.

ಕೊನೆಯ ಭೇಟಿಯಲ್ಲಿ ಇಳಿಸುವ ಹಿಂದಿನ ದಿನವೇ ಯಾರ್ಡ್‌ನಲ್ಲಿರಿ. ಒತ್ತುಗಂಬಗಳು ತಾಗಿದ ಕಡೆ, ಕೀಲ್‌ನ ಅಡಿಗೆ ಬಣ್ಣ ಮುಟ್ಟಿರುವುದಿಲ್ಲ. ದೋಣಿ ಪಟ್ಟಿಯಲ್ಲಿ ತೂಗುತ್ತಿರುವಾಗ ಅಲ್ಲಿಗೆ ಬಳಿಯಲು ಒಂದೆರಡು ತಾಸು ಮೊದಲೇ ಕೇಳಿಟ್ಟಿರಬೇಕು. ಎಲ್ಲ ಸೀಕಾಕ್ ಮುಚ್ಚಿ, ಪೈಪ್‌ಗಳಿಗೆ ಎರಡೆರಡು ಕ್ಲಿಪ್ ಇವೆಯೇ ಕೈಯಿಂದ ಮುಟ್ಟಿ ನೋಡಿ. ದೋಣಿ ನೀರು ಮುಟ್ಟಿದಾಗ ಪಟ್ಟಿ ಸಡಿಲಿಸದೆ ನಿಲ್ಲಿಸಲು ಹೇಳಿ ಒಳಗಿಳಿಯಿರಿ. ಸೀಕಾಕ್‌ಗಳನ್ನು ಒಂದೊಂದಾಗಿ ತೆರೆಯಿರಿ. ಶಾಫ್ಟ್‌ಗೆ ಹನಿ ಬೀಳದ ಬೆಲ್ಲೋಸ್ ಸೀಲ್ ಇದ್ದರೆ ಅದನ್ನು ಹಿಂದಕ್ಕೆ ಒತ್ತಿ ಒಳಗಿನ ಗಾಳಿ ಬಿಡಿ; ನೀರು ತಾಗದೆ ತಿರುಗಿದರೆ ಸುಟ್ಟುಹೋಗುತ್ತದೆ. ಎಂಜಿನ್ ಹಚ್ಚಿ, ಹೊಗೆಕೊಳವೆಯಿಂದ ನೀರು ಬರುವುದನ್ನು ಕಣ್ಣಾರೆ ನೋಡಿ. ಲಿಫ್ಟ್‌ನವನು ಗಡಿಯಾರ ನೋಡುತ್ತಾನೆ, ಸರದಿಯಲ್ಲಿ ಕಾಯುವ ದೋಣಿಯವನು ಗೊಣಗುತ್ತಾನೆ. ಗೊಣಗಲಿ.

ಅದೇ ರಾತ್ರಿಯ ಫ್ಲೈಟ್‌ಗೆ ಬುಕ್ ಮಾಡಿಕೊಂಡು ಬಂದವರನ್ನು ಕಂಡರೆ ಮಾತ್ರ ನಾನು ಬೈಯುತ್ತೇನೆ. ಕಂಬಗಳ ನಡುವೆ ವಾರಗಟ್ಟಲೆ ಕೂತ ಒಡಲು ನೀರಿನಲ್ಲಿ ತನ್ನ ಆಕಾರಕ್ಕೆ ಮರಳಲು ಸಮಯ ಬೇಕು. ಶಾಫ್ಟ್ ಮತ್ತು ಎಂಜಿನ್ ನೇರವಿವೆಯೇ ಎಂಬ ಅಲೈನ್‌ಮೆಂಟ್ ಪರೀಕ್ಷೆ ಇಳಿಸಿದ ಒಂದೆರಡು ದಿನದ ಮೇಲೆಯೇ ನಂಬಿಕೆಗೆ ಅರ್ಹ. ಮೊದಲ ರಾತ್ರಿ ದೋಣಿಯಲ್ಲೇ ಮಲಗಿ, ಬೆಳಿಗ್ಗೆ ನೆಲಹಲಗೆ ಎತ್ತಿ ಒಣಗಿದೆಯೇ ನೋಡಿ. ಮೂರನೇ ದಿನ ಒಂದು ಸುತ್ತು ಓಡಿಸಿ ಬಂದು ಗುತ್ತಿಗೆದಾರರ ಕೊನೆಯ ಕಂತು ಕೊಡಿ. ಟಿಕೆಟ್ ನಾಲ್ಕನೇ ದಿನದ್ದಿರಲಿ.