ನಾಲ್ಕು ಹುಡುಗ್ರು ಎಬ್ಬಿಸಿದ ಪ್ರಶ್ನೆ: ಸಿಖ್ ಯುವಜನರ ಹುಡುಕಾಟ ಶುರುವಾಗಿದ್ದು ಎಲ್ಲಿಂದ

1873ರಲ್ಲಿ ಅಮೃತಸರದ ಮಿಷನ್ ಸ್ಕೂಲಲ್ಲಿ ಓದ್ತಿದ್ದ ನಾಲ್ಕು ಜನ ಸಿಖ್ ಹುಡುಗ್ರು ನಾವು ಕ್ರಿಶ್ಚಿಯನ್ ಆಗ್ತೀವಿ ಅಂತ ಹೇಳ್ಬಿಟ್ರು. ಪಂಜಾಬ್ ಬ್ರಿಟಿಷರ ಕೈಗೆ ಹೋಗಿ ಆಗಿನ್ನೂ 25 ವರ್ಷನೂ ಆಗಿರ್ಲಿಲ್ಲ, ಹೋದ ರಾಜ್ಯದ ನೋವೇ ಆರಿರ್ಲಿಲ್ಲ, ಈಗ ಮನೆ ಮಕ್ಳೂ ಕೈ ಬಿಟ್ಟು ಹೋಗ್ತಾರಾ ಅನ್ನೋ ಭಯ ಹಿರಿಯರಿಗೆ ಹತ್ತಿತು. ಹೇಗೋ ಹುಡುಗ್ರ ಮನಸ್ಸು ಬದಲಾಯಿಸಿದ್ರು. ಆದ್ರೆ ಅಷ್ಟಕ್ಕೆ ಸುಮ್ನಾಗದೆ ಅದೇ ವರ್ಷ ಸಿಂಗ್ ಸಭಾ ಅನ್ನೋ ಸಿಖ್ ಸುಧಾರಣಾ ಸಂಘ ಕಟ್ಟಿದ್ರು ನೋಡಿ, ಅದು ನನಗೆ ತುಂಬಾ ದೊಡ್ಡ ವಿಷಯ ಅನ್ಸುತ್ತೆ. ತಪ್ಪು ಬರೀ ಹುಡುಗ್ರದ್ದಲ್ಲ, ನಾವೇ ಅವ್ರಿಗೆ ಏನೂ ಹೇಳ್ಕೊಟ್ಟಿಲ್ಲ ಅನ್ನೋದು ಹಿರಿಯರಿಗೆ ಅರ್ಥ ಆಗಿತ್ತು.

1879ರಲ್ಲಿ ಲಾಹೋರ್‌ನಲ್ಲೂ ಒಂದು ಸಭಾ ಶುರುವಾಯ್ತು. ಅಲ್ಲಿ ಪ್ರೊಫೆಸರ್ ಗುರ್ಮುಖ್ ಸಿಂಗ್ ಇದ್ರು, ದಲಿತ ಕುಟುಂಬದಲ್ಲಿ ಹುಟ್ಟಿ ದೊಡ್ಡ ವಿದ್ವಾಂಸರಾದ ಗ್ಯಾನಿ ದಿತ್ ಸಿಂಗ್ ಇದ್ರು. ಪಂಜಾಬಿ ಬರೆಯೋ ಗುರುಮುಖಿ ಲಿಪೀಲಿ ಪೇಪರ್ ತಂದ್ರು, ಓದೋಕೆ ಬರೋರೆಲ್ಲ ಓದ್ಲಿ ಅಂತ ಸಣ್ಣ ಸಣ್ಣ ಪುಸ್ತಕ ಅಚ್ಚು ಹಾಕ್ಸಿದ್ರು. 1892ರಲ್ಲಿ ಅಮೃತಸರದ ಖಾಲ್ಸಾ ಕಾಲೇಜ್ ಬಂತು, ಅದೇ ವರ್ಷ ಫಿರೋಜ್‌ಪುರದಲ್ಲಿ ಭಾಯಿ ತಖ್ತ್ ಸಿಂಗ್ ಹೆಣ್ಮಕ್ಳಿಗೆ ಅಂತಲೇ ಶಾಲೆ ತೆರೆದ್ರು. ಕಾಲೇಜಿನ ಕಟ್ಟಡದ ಫೋಟೋ ಎಲ್ರೂ ನೋಡಿರ್ತಾರೆ, ಆ ಹೆಣ್ಮಕ್ಕಳ ಶಾಲೆ ಬಗ್ಗೆ ಮಾತಾಡೋರು ಕಡಿಮೆ, ಅದು ನನಗೆ ಬೇಜಾರು.

ಆಮೇಲೆ ಜನ ಕಡಲು ದಾಟಿದ್ರು, ಮಕ್ಳಿಗೆ ನಮ್ಮ ಧರ್ಮ ಹೇಗೆ ಹೇಳ್ಕೊಡೋದು ಅನ್ನೋ ಪ್ರಶ್ನೆನೂ ಅವ್ರ ಜೊತೆಗೇ ಹೋಯ್ತು. ಕೆನಡಾದ ವ್ಯಾಂಕೂವರ್‌ನಲ್ಲಿ 1908ಕ್ಕೇ ಗುರುದ್ವಾರ ಇತ್ತು, ಅಮೆರಿಕದ ಸ್ಟಾಕ್‌ಟನ್‌ನಲ್ಲಿ 1912ರಲ್ಲಿ ಆಯ್ತು. ಬ್ರಿಟನ್‌ನಲ್ಲಂತೂ ಪಗಡಿ ಕಟ್ಕೊಂಡು ಸ್ಕೂಲಿಗೆ ಹೋಗೋದೇ ಕೋರ್ಟ್ ಮೆಟ್ಟಿಲು ಹತ್ತೋ ವಿಷಯ ಆಯ್ತು, ಬರ್ಮಿಂಗ್‌ಹ್ಯಾಮ್‌ನ ಒಂದು ಖಾಸಗಿ ಶಾಲೆ ಪಗಡಿ ತೆಗೆದು ಕೂದಲು ಕತ್ತರಿಸಿದ್ರೆ ಮಾತ್ರ ಸೀಟು ಅಂದಾಗ ಹುಡುಗನ ಅಪ್ಪ ಬಿಡ್ಲಿಲ್ಲ, ಕೇಸು ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ 1983ರಲ್ಲಿ ಗೆದ್ರು. ಮರುವರ್ಷವೇ 1984. ಅಮೃತಸರದ ದರ್ಬಾರ್ ಸಾಹಿಬ್‌ಗೆ, ಅಂದ್ರೆ ಸ್ವರ್ಣ ಮಂದಿರಕ್ಕೆ, ಸೈನ್ಯ ನುಗ್ಗಿತು, ನವೆಂಬರ್‌ನಲ್ಲಿ ದಿಲ್ಲಿ ಬೀದಿಗಳಲ್ಲಿ ಸಿಖ್ಖರನ್ನ ಹುಡುಕಿ ಹುಡುಕಿ ಕೊಂದ್ರು. ದೂರದ ದೇಶದಲ್ಲಿ ಕೂದಲು ಕತ್ತರಿಸ್ಕೊಂಡು ಆರಾಮಾಗಿದ್ದ ಎಷ್ಟೋ ಹುಡುಗ್ರು ನಾನು ಯಾರು ಅಂತ ಕೇಳ್ಕೊಂಡು ಮತ್ತೆ ಕೂದಲು ಬೆಳೆಸಿದ್ದು ಆಗಲೇ.

ಆದ್ರೆ ಭಾಷೆ? ಗುರುದ್ವಾರದಲ್ಲಿ ಕಥಾ, ಅಂದ್ರೆ ಗ್ರಂಥದ ವಿವರಣೆ, ಪಂಜಾಬಿಯಲ್ಲಿ, ಮಕ್ಕಳ ತಲೆ ಇಂಗ್ಲಿಷ್‌ನಲ್ಲಿ. ಲಂಗರ್‌ನ ಸಾಮೂಹಿಕ ಊಟ ಇಷ್ಟ, ಸೇವಾ ಇಷ್ಟ, ಒಳಗೆ ಕೂತ್ರೆ ಒಂದಕ್ಷರ ತಿಳಿಯಲ್ಲ. (ಹೊರಗೆ ಬೆಳೆದ ನಮ್ಮ ಮಕ್ಳಿಗೆ ಬಸವಣ್ಣನ ವಚನ ಹಿಂಗೇ ಅಲ್ವಾ, ರಾಗ ಗೊತ್ತು ಮಾತು ಗೊತ್ತಿಲ್ಲ.) ಹಾಗಾಗಿ ಬೇಸಿಗೆ ಕ್ಯಾಂಪು, ಯೂನಿವರ್ಸಿಟಿಗಳಲ್ಲಿ ಸಿಖ್ ಸೊಸೈಟಿ ಎಲ್ಲಾ ಬಂತು. ಲಂಡನ್ ಕಡೆಯ ಜಗರಾಜ್ ಸಿಂಗ್ ಯೂಟ್ಯೂಬ್‌ನಲ್ಲಿ ಸರಳ ಇಂಗ್ಲಿಷ್‌ನಲ್ಲಿ ಗುರುಬಾಣಿ, ಅಂದ್ರೆ ಗ್ರಂಥದಲ್ಲಿರೋ ಪದ್ಯಗಳನ್ನ, ವಿವರಿಸೋಕೆ ಶುರು ಮಾಡಿದ್ರು, ಬೀದೀಲಿ ನಿಂತು ಯಾರೇ ಪ್ರಶ್ನೆ ಕೇಳಿದ್ರೂ ಉತ್ತರ ಕೊಡೋರು. 2017ರಲ್ಲಿ ಕ್ಯಾನ್ಸರ್‌ನಿಂದ ಚಿಕ್ಕ ವಯಸ್ಸಲ್ಲೇ ತೀರ್ಕೊಂಡ್ರು, ಆದ್ರೆ ಆ ವಿಡಿಯೋಗಳನ್ನ ಜನ ಇವತ್ತಿಗೂ ನೋಡ್ತಾರೆ.

ನನಗೆ ಎಲ್ಲಕ್ಕಿಂತ ಖುಷಿ ಕೊಡೋದು ಏನಂದ್ರೆ ಇಂಗ್ಲಿಷ್‌ನಿಂದ ಒಳಗೆ ಬಂದ ಹುಡುಗ್ರು ಅಲ್ಲಿಗೇ ನಿಲ್ತಿಲ್ಲ. ಗುರುಮುಖಿ ಕಲೀತಾರೆ, ಬಲ್ಲವರ ಮುಂದೆ ಕೂತು ಉಚ್ಚಾರ ತಿದ್ದಿಸ್ಕೊಂಡು ಸಂಥ್ಯಾ ತಗೊಳ್ತಾರೆ, ಹಳೇ ಕೈಬರಹದ ಗ್ರಂಥಗಳಲ್ಲಿ ಇದ್ದ ಹಾಗೆ ಪದಗಳ ಮಧ್ಯೆ ಜಾಗ ಬಿಡದ ಲಡೀವಾರ್ ಪಾಠವನ್ನೇ ಕಷ್ಟಪಟ್ಟು ಓದ್ತಾರೆ. ಕೀರ್ತನೆಯಲ್ಲೂ ಅಷ್ಟೇ, ಹಾರ್ಮೋನಿಯಂ ಬ್ರಿಟಿಷರ ಕಾಲದಲ್ಲಿ ಬಂದಿದ್ದು, ಗುರು ನಾನಕರು ಹಾಡ್ತಿದ್ದಾಗ ಪಕ್ಕದಲ್ಲಿ ಭಾಯಿ ಮರ್ದಾನಾ ನುಡಿಸ್ತಿದ್ದಿದ್ದು ರಬಾಬ್ ಅನ್ನೋ ತಂತಿವಾದ್ಯ. ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್‌ನ 1430 ಪುಟದಲ್ಲಿ ಬಹುಪಾಲು ರಾಗದ ಪ್ರಕಾರವೇ ಜೋಡಿಸಿರೋದು. ಈಗ ಹುಡುಗ ಹುಡುಗೀರು ರಬಾಬ್, ತೌಸ್, ದಿಲ್‌ರುಬಾ ಹಿಡ್ಕೊಂಡು ಕೂರ್ತಾರೆ, 2022ರಲ್ಲಿ ಸಿಖ್ಖರ ಅತ್ಯುನ್ನತ ಧರ್ಮಪೀಠ ಅಕಾಲ್ ತಖ್ತ್ ಕೂಡ ದರ್ಬಾರ್ ಸಾಹಿಬ್‌ನಲ್ಲಿ ಹಾರ್ಮೋನಿಯಂ ಬದಲು ತಂತಿವಾದ್ಯ ತನ್ನಿ ಅಂತ ಹೇಳ್ತು.

ಇತಿಹಾಸ ಕೆದಕೋ ಹುಡುಗ್ರು ಒಂದಲ್ಲ ಒಂದು ದಿನ ನಮ್ಮ ಬೀದರ್ ಹೆಸರಿಗೆ ಬಂದೇ ಬರ್ತಾರೆ. ಅಲ್ಲಿನ ನಾನಕ್ ಝೀರಾ ಗುರುದ್ವಾರಕ್ಕೆ ಮಾತ್ರ ಅಲ್ಲ. 1699ರ ವೈಶಾಖಿಯಲ್ಲಿ ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ಕೇಳಿದಾಗ ತಲೆ ಕೊಡೋಕೆ ಎದ್ದು ನಿಂತ ಐದು ಜನರಲ್ಲಿ ಒಬ್ರು ಭಾಯಿ ಸಾಹಿಬ್ ಸಿಂಗ್, ಬೀದರ್‌ನ ಕ್ಷೌರಿಕರ ಮನೆಯವರು. ಆ ಐವರನ್ನೂ, ಮುಕ್ತಸರ ಯುದ್ಧದಲ್ಲಿ ಮಡಿದ ನಲವತ್ತು ಜನರನ್ನೂ ದಿನದ ಅರ್ದಾಸ್ ಪ್ರಾರ್ಥನೆಯಲ್ಲಿ ನೆನೀತಾರೆ, ಲಂಡನ್ ಆಗ್ಲಿ ವ್ಯಾಂಕೂವರ್ ಆಗ್ಲಿ. ಗುರುವನ್ನ ಬಿಟ್ಟು ಬಂದಿದ್ದ ಆ ನಲವತ್ತು ಜನರನ್ನ ಛೀಮಾರಿ ಹಾಕಿ ವಾಪಸ್ ಯುದ್ಧಕ್ಕೆ ಕರ್ಕೊಂಡು ಹೋದವಳು ಮಾಯಿ ಭಾಗೋ. ಅವಳು ಬದುಕುಳಿದ್ಲು, ಗುರು ಗೋಬಿಂದ ಸಿಂಗರ ಜೊತೆ ನಾಂದೇಡ್‌ಗೆ ಬಂದ್ಲು, ಕೊನೆಗಾಲ ಕಳೆದಿದ್ದು ಬೀದರ್ ಹತ್ರದ ಜನವಾಡದಲ್ಲಿ.